ಹಿಡಿಯ ಹೊಳಪು, ಕೈಯ ಹಿಡಿತ

ಚಾಕುವಿನ ಇತಿಹಾಸವೆಂದು ನಾವು ಓದುವುದೆಲ್ಲ ಬಹುಮಟ್ಟಿಗೆ ಅಲಗಿನ ಇತಿಹಾಸ. ಕಲ್ಲು ಹೋಗಿ ತಾಮ್ರ ಬಂತು, ತಾಮ್ರದ ಜಾಗಕ್ಕೆ ಕಂಚು, ಕಬ್ಬಿಣ, ಉಕ್ಕು ಬಂದವು ಎಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಅಲಗನ್ನು ಹಿಡಿಯಲು ಒಂದು ಹಿಡಿ ಬೇಕು, ಆ ಹಿಡಿಯನ್ನು ಯಾರೋ ಕೆತ್ತಿ, ಉಜ್ಜಿ, ಎಣ್ಣೆ ಕುಡಿಸಿ ಕೈಗೆ ಒಗ್ಗುವಂತೆ ಮಾಡಿರಬೇಕು ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಇದಕ್ಕೆ ಇತಿಹಾಸಕಾರರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಮರ ಮಣ್ಣಿನಲ್ಲಿ ಕರಗುತ್ತದೆ, ಲೋಹ ಉಳಿಯುತ್ತದೆ. 1947ರಲ್ಲಿ ಬ್ರಹ್ಮಗಿರಿಯಲ್ಲಿ, 1965ರಲ್ಲಿ ಹಳ್ಳೂರಿನಲ್ಲಿ ನಡೆದ ಉತ್ಖನನಗಳಲ್ಲಿ ಕಬ್ಬಿಣದ ಆಯುಧಗಳು ದೊರೆತವು. ಅವುಗಳನ್ನು ಹಿಡಿದಿದ್ದ ಕೈಗಳ ಹಾಗೆಯೇ ಅವುಗಳ ಮರದ ಹಿಡಿಗಳೂ ಮಣ್ಣುಪಾಲಾಗಿದ್ದವು. ಜಗತ್ತಿನ ಕೆಲವೆಡೆ ಅಪರೂಪಕ್ಕೆ, ಹಿಡಿಯೊಳಗೆ ಸೇರಿಕೊಂಡಿದ್ದ ಅಲಗಿನ ಬಾಲದ ಮೇಲೆ ತುಕ್ಕಿನಲ್ಲಿ ಅಚ್ಚೊತ್ತಿದ ಮರದ ಎಳೆಗಳು ಕಾಣಸಿಗುವುದುಂಟು. ಸೂಕ್ಷ್ಮದರ್ಶಕ ಹಿಡಿದ ತಜ್ಞರು ಅಷ್ಟರಿಂದಲೇ ಅದು ಯಾವ ಮರ ಎಂದು ಹೇಳಬಲ್ಲರು. ಆದರೆ ಅದಕ್ಕೆ ಎಂಥ ನುಣುಪು ಕೊಟ್ಟಿದ್ದರು ಎಂಬುದನ್ನು ತುಕ್ಕು ಹೇಳಲಾರದು.

ಒಂದು ಹಿಡಿ ಮಾತ್ರ ಅದೃಷ್ಟವಶಾತ್ ಹಿಮದಲ್ಲಿ ಹುದುಗಿ ಉಳಿಯಿತು. 1991ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರಿಯಾ ಮತ್ತು ಇಟಲಿಯ ಗಡಿಯ ಆಲ್ಪ್ಸ್ ಪರ್ವತದಲ್ಲಿ ಚಾರಣಿಗರ ಕಣ್ಣಿಗೆ ಬಿದ್ದ ಆ ಹಿಮಮಾನವನನ್ನು ಲೋಕ ಈಗ ಓಟ್ಜಿ ಎಂಬ ಹೆಸರಿನಿಂದ ಬಲ್ಲದು. ಸುಮಾರು 5,300 ವರ್ಷಗಳ ಹಿಂದೆ ಸತ್ತ ಈ ಮನುಷ್ಯನ ಬಳಿ ಗೇಣುದ್ದಕ್ಕಿಂತ ಚಿಕ್ಕದಾದ ಒಂದು ಚಾಕು ಇತ್ತು. ಅಲಗು ಚಕಮಕಿ ಕಲ್ಲಿನದು, ಹಿಡಿ ಆಷ್ ಮರದ್ದು. ಕಲ್ಲನ್ನು ಹಿಡಿಗೆ ಪ್ರಾಣಿಯ ನರದಿಂದ ಬಿಗಿಯಲಾಗಿತ್ತು. ಅವನ ಕೊಡಲಿಯ ಕಾವಿಗೆ ಮಾತ್ರ ಬೇರೆಯೇ ಮರ, ಬಿಲ್ಲಿಗೆ ಒದಗುವ ಯೂ ಮರ. ಯಾವ ಕೆಲಸಕ್ಕೆ ಯಾವ ಮರ ಎಂಬ ಲೆಕ್ಕಾಚಾರ ಆ ಕಾಲಕ್ಕೇ ಪಕ್ವವಾಗಿತ್ತು ಎಂದಾಯಿತು. ಪೆಟ್ಟನ್ನು ತಾಳಿಕೊಂಡು ಕೈಗೆ ನಡುಕ ಮುಟ್ಟಿಸದ ಆಷ್ ಮರವನ್ನು ಐರೋಪ್ಯರು ಇಂದಿಗೂ ಉಪಕರಣಗಳ ಹಿಡಿಗೆ ಬಳಸುತ್ತಾರೆ. ಕ್ರಿಕೆಟ್ಟಿನ ಸ್ಟಂಪುಗಳಿಗೂ ಬಳಸುವುದು ಅದನ್ನೇ.

ನಮ್ಮಲ್ಲಿ ಆ ಸ್ಥಾನ ಬಯಲುಸೀಮೆಯಲ್ಲಿ ಕರಿಜಾಲಿಯದು. ಮಲೆನಾಡಿನಲ್ಲಿ ಆಯ್ಕೆಗೆ ಬೇಕಾದಷ್ಟು ಮರಗಳಿದ್ದವು. ಹಳೆಯ ಆಯದ ಪದ್ಧತಿಯಲ್ಲಿ ಅಲಗು ಕಮ್ಮಾರನದು, ಹಿಡಿ ಬಡಗಿಯದು. ಇಬ್ಬರಿಗೂ ಸಂದಾಯ ಸುಗ್ಗಿಯ ಕಾಳಿನಲ್ಲಿ. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂದು ನಮ್ಮ ಗಾದೆ ಮರದ ಕಡೆಯಿಂದ ಮಾತನಾಡಿದೆ. ಕಾವನ್ನು ಕಟ್ಟಿದ ಕೈಯ ಕಡೆಯಿಂದ ಹೇಳಿದ ಗಾದೆ ನನಗೆ ಸಿಕ್ಕಿಲ್ಲ.

ಹಿಡಿಯನ್ನು ನಯಗೊಳಿಸುವುದೆಂದರೆ ಹೊಳೆಯುವಂತೆ ಮಾಡುವುದು ಎಂದು ನಾವು ತಿಳಿಯುತ್ತೇವೆ. ಕಸುಬಿನವರ ಲೆಕ್ಕದಲ್ಲಿ ಅದು ಬೇರೆ. ಮರ ಕಡಿದ ಮೇಲೂ ಉಸಿರಾಡುತ್ತದೆ ಎಂಬ ಮಾತು ಕವಿಸಮಯವಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಮರ ಅದನ್ನು ಹೀರಿ ಉಬ್ಬುತ್ತದೆ, ಗಾಳಿ ಒಣಗಿದರೆ ಕುಗ್ಗುತ್ತದೆ. ಉಬ್ಬುವುದು ಉದ್ದಕ್ಕಲ್ಲ, ಅಡ್ಡಕ್ಕೆ. ಆದ್ದರಿಂದಲೇ ಆಷಾಢದಲ್ಲಿ ಬಿಗಿಯಾಗಿದ್ದ ಹಿಡಿ ಚೈತ್ರದಲ್ಲಿ ಲೊಡಲೊಡ ಎನ್ನುತ್ತದೆ. ಸಡಿಲವಾದ ಹಿಡಿಯನ್ನು ನೀರಿನಲ್ಲಿ ನೆನೆಹಾಕುವ ಉಪಾಯ ಎಲ್ಲ ಮನೆಗಳಿಗೂ ಗೊತ್ತು. ಅದು ಒಂದು ದಿನದ ಉಪಶಮನ ಮಾತ್ರ. ಉಬ್ಬಿದ ಎಳೆಗಳು ಒಳಗಿರುವ ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗುತ್ತವೆ, ಮತ್ತೆ ಒಣಗಿದಾಗ ಹಿಡಿ ಮೊದಲಿಗಿಂತ ಸಡಿಲವಾಗುತ್ತದೆ. ಸಾಲದ್ದಕ್ಕೆ ಒಳಗೆ ಇಳಿದ ನೀರು ಕಬ್ಬಿಣದ ಬಾಲಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಅದು ಬೆಳೆಬೆಳೆದು ಹಿಡಿಯನ್ನು ಒಳಗಿನಿಂದಲೇ ಸೀಳುತ್ತದೆ. ಹೀಗಾಗಿ ಹಿಡಿಯ ಮೇಲ್ಮೈ ಕೆಲಸದ ಮೊದಲ ಗುರಿ ಚಂದವಲ್ಲ, ನೀರನ್ನು ತಡೆಯುವುದು. ಎರಡನೆಯ ಗುರಿ, ದಿನವಿಡೀ ಹಿಡಿದರೂ ಅಂಗೈಯಲ್ಲಿ ಬೊಕ್ಕೆ ಏಳದಂತೆ ನೋಡಿಕೊಳ್ಳುವುದು.

ಕಬ್ಬಿಣಕ್ಕೂ ಮರಕ್ಕೂ ಇನ್ನೊಂದು ಜಗಳವಿದೆ. ಜಾಲಿಯಂಥ ಮರದಲ್ಲಿ ಒಗರಿನ ಅಂಶ ಹೆಚ್ಚು. ಒದ್ದೆಯಾದಾಗ ಆ ಒಗರು ಕಬ್ಬಿಣದೊಡನೆ ಸೇರಿ ಕಡುಕಪ್ಪಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿ ಮತ್ತು ಅನ್ನಭೇದಿ ಸೇರಿಸಿ ಶಾಯಿ ಕಾಯಿಸುತ್ತಿದ್ದುದು ಇದೇ ರಸಾಯನದಿಂದ. ಹಳೆಯ ಕತ್ತಿಯ ಹಿಡಿ ಅಲಗಿನ ಬುಡದಲ್ಲಿ ಕಪ್ಪಗಾಗಿದ್ದರೆ ಅದನ್ನು ಕೊಳೆ ಎಂದು ಉಜ್ಜಬೇಡಿ. ಅದು ಹಿಡಿಯೇ ತಯಾರಿಸಿಕೊಂಡ ಶಾಯಿ.

ಕೈಯಿಂದ ಹಿಡಿ ಮಾಡುವ ಕ್ರಮ ದೇಶ ಬದಲಾದರೂ ಹೆಚ್ಚು ಬದಲಾಗುವುದಿಲ್ಲ. ಮಚ್ಚಿನಿಂದ ಒರಟಾಗಿ ಕೆತ್ತಿ, ಉಳಿಯಿಂದ ರೂಪ ಕೊಟ್ಟು, ಅರದಿಂದ ತಿದ್ದಿ, ಗಾಜಿನ ಚೂರಿನ ಅಂಚಿನಿಂದ ಹೆರೆಯುತ್ತಾರೆ. ಅನಂತರ ಬರುವುದು ಉಜ್ಜುವ ಕೆಲಸ. ಬಡಗಿಗಳು ಉಪ್ಪುಕಾಗದ ಎಂದು ಕರೆಯುವ ಮರಳುಕಾಗದ ಅಂಗಡಿಗೆ ಬರುವ ಮುನ್ನ ಐರೋಪ್ಯರು ಒರಟು ಚರ್ಮದ ಮೀನಿನ ತೊಗಲಿನಿಂದ, ಮರಳಿನಂಥ ಹರಳು ತುಂಬಿದ ಒಂದು ಜಾತಿಯ ಜೊಂಡಿನಿಂದ ಉಜ್ಜುತ್ತಿದ್ದರು. ನಮ್ಮ ಕಾಡು ಈ ವಿಷಯದಲ್ಲಿ ಇನ್ನೂ ಉದಾರಿ. ಅತ್ತಿ, ಆಲಗಳ ಬಳಗದ ಗರಗತ್ತಿ ಮರದ ಎಲೆಯನ್ನು ಮುಟ್ಟಿ ನೋಡಿದವರಿಗೆ ಅದರ ಹೆಸರಿನ ಅರ್ಥ ಬೇರೆ ಹೇಳಬೇಕಾಗಿಲ್ಲ. ಒಣಗಿದ ಎಲೆಯ ಬೆನ್ನು ಬೆಕ್ಕಿನ ನಾಲಗೆಯಂತೆ ಗರಗರ. ದಕ್ಷಿಣ ಭಾರತದ ಕುಶಲಕರ್ಮಿಗಳು ಮರವನ್ನೂ ಕೊಂಬನ್ನೂ ದಂತವನ್ನೂ ಇದರಿಂದಲೇ ನುಣುಪು ಮಾಡಿದರು. ಮರಕ್ಕೆ ಮರದ ಎಲೆಯಿಂದಲೇ ನಯ ಕೊಡುವ ಈ ಏರ್ಪಾಟು ನನಗೆ ಬಹಳ ಇಷ್ಟ.

ನಯಮಾಡುವವರ ಗುಟ್ಟೊಂದಿದೆ. ಉಜ್ಜಿ ನುಣುಪಾದ ಮರವನ್ನು ಅವರು ಬೇಕೆಂದೇ ಒದ್ದೆ ಮಾಡುತ್ತಾರೆ. ಬಾಗಿ ಮಲಗಿದ್ದ ಎಳೆಗಳೆಲ್ಲ ನೀರು ಕುಡಿದು ಎದ್ದು ನಿಲ್ಲುತ್ತವೆ, ನುಣುಪಾಗಿದ್ದ ಮೇಲ್ಮೈ ಹಸುಗೂಸಿನ ತಲೆಯಂತೆ ನವಿರಾಗಿ ಜುಂಗೇಳುತ್ತದೆ. ಒಣಗಿದ ಮೇಲೆ ಮತ್ತೆ ಉಜ್ಜುತ್ತಾರೆ. ಎರಡು ಮೂರು ಸಲ ಹೀಗೆ ಮಾಡಿದರೆ ಮುಂದೆ ಒದ್ದೆ ಕೈಯಲ್ಲಿ ಹಿಡಿದಾಗ ಎಳೆ ಏಳುವುದಿಲ್ಲ. ಅಂಗಡಿಯಲ್ಲಿ ನುಣುಪಾಗಿದ್ದ ಹಿಡಿ ಮನೆಗೆ ತಂದು ಎರಡು ಸಲ ತೊಳೆದ ಕೂಡಲೇ ತರಿತರಿಯಾಯಿತೆಂದರೆ ಈ ಮೆಟ್ಟಿಲನ್ನು ಯಾರೋ ಹಾರಿದ್ದಾರೆ ಎಂದೇ ಅರ್ಥ. ಅದಕ್ಕೆ ಸಮಯ ಹಿಡಿಯುತ್ತದೆ, ಸಮಯಕ್ಕೆ ಕೂಲಿ ಕೊಡುವವರು ಕಡಿಮೆ.

ನುಣುಪಾದ ಮೇಲೆ ರಕ್ಷಣೆ. ಇದಕ್ಕೆ ಲೋಕದಲ್ಲಿ ಎರಡು ಮುಖ್ಯ ದಾರಿಗಳಿವೆ. ಒಂದು, ಮರದೊಳಕ್ಕೆ ಇಳಿಯುವ ಎಣ್ಣೆ. ಇನ್ನೊಂದು, ಮರದ ಮೇಲೆ ಪೊರೆಯಾಗಿ ನಿಲ್ಲುವ ಲೇಪ. ಎಲ್ಲ ಎಣ್ಣೆಯೂ ಆಗುವುದಿಲ್ಲ. ಕಡಲೆಕಾಯಿ ಎಣ್ಣೆ ಸವರಿದರೆ ಅಂಟಂಟಾಗಿ ಕಮಟು ವಾಸನೆ ಹಿಡಿಯುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಅದು ಗಾಳಿಯ ಆಮ್ಲಜನಕವನ್ನು ಸೇರಿಸಿಕೊಂಡು ಮರದ ರಂಧ್ರಗಳ ಒಳಗೇ ಗಟ್ಟಿಯಾಗುತ್ತದೆ. ವಾರದವರೆಗೆ ದಿನಕ್ಕೊಮ್ಮೆ, ತಿಂಗಳವರೆಗೆ ವಾರಕ್ಕೊಮ್ಮೆ, ವರ್ಷದವರೆಗೆ ತಿಂಗಳಿಗೊಮ್ಮೆ, ಆಮೇಲೆ ಬದುಕಿರುವವರೆಗೆ ವರ್ಷಕ್ಕೊಮ್ಮೆ ಎಂದು ಆಂಗ್ಲ ಬಡಗಿಗಳಲ್ಲಿ ಒಂದು ಲೆಕ್ಕವಿದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಎಂಬುದಕ್ಕೆ ಆಯುಧಪೂಜೆ ಇದೆ, ಕೊಡಗಿನಲ್ಲಿ ಕೈಲ್ ಪೊಳ್ದ್ ಇದೆ. ಅರಿಸಿನ ಕುಂಕುಮಕ್ಕೆ ಮುನ್ನ ಹತಾರಗಳನ್ನು ತೊಳೆದು ಒರೆಸಿಡುವ ದಿನ ಅದು.

ಎರಡನೆಯ ದಾರಿಯಲ್ಲಿ ಭಾರತವೇ ಲೋಕಕ್ಕೆ ಗುರು. ಮುತ್ತುಗ, ಎಲಚಿ ಮುಂತಾದ ಮರಗಳ ಎಳೆಕೊಂಬೆಗಳ ಮೇಲೆ ಸಾವಿರಗಟ್ಟಲೆ ಕುಳಿತು ರಸ ಹೀರುವ ಒಂದು ಪುಟ್ಟ ಕೀಟ ತನ್ನ ಮೈಮೇಲೆ ರಾಳದ ಗೂಡು ಕಟ್ಟಿಕೊಳ್ಳುತ್ತದೆ. ಅದೇ ಅರಗು. ಅಥರ್ವವೇದದಲ್ಲಿ ಲಾಕ್ಷೆಯನ್ನು ಕುರಿತ ಸೂಕ್ತವೇ ಇದೆ. ಮಹಾಭಾರತದ ಅರಗಿನ ಮನೆಯಂತೂ ಮಕ್ಕಳಿಗೂ ಗೊತ್ತು. ಕೊಂಬೆಯಿಂದ ಹೆರೆದ ಅರಗನ್ನು ಕುಟ್ಟಿ, ತೊಳೆದು ಕೆಂಬಣ್ಣ ಕಳೆದು, ಉದ್ದನೆಯ ಬಟ್ಟೆಯ ಚೀಲದಲ್ಲಿ ತುಂಬಿ ಬೆಂಕಿಯೆದುರು ಕಾಯಿಸಿ ಹಿಂಡುತ್ತಿದ್ದರು. ಜಿನುಗಿ ಬಂದ ಬಿಸಿ ಪಾಕವನ್ನು ಒಬ್ಬ ಕೆಲಸಗಾರ ಕೈ, ಕಾಲು, ಕೊನೆಗೆ ಹಲ್ಲುಗಳಿಂದಲೂ ಹಿಡಿದೆಳೆದು ತೆಳುವಾದ ಹಾಳೆ ಮಾಡುತ್ತಿದ್ದ. ಆ ಹಾಳೆಯನ್ನು ಮುರಿದರೆ ಚಪಡಾ. ಅದನ್ನು ಸಾರಾಯಿಯ ಸತ್ತ್ವದಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಪದರ ಪದರವಾಗಿ ತಿಕ್ಕಿದರೆ ನಾವೆಲ್ಲ ಬಲ್ಲ ಫ್ರೆಂಚ್ ಪಾಲಿಶ್. ಹೆಸರು ಫ್ರಾನ್ಸಿನದು, ಸರಕು ಛೋಟಾ ನಾಗಪುರದ ಕಾಡಿನದು.

ನಮ್ಮವರು ಅರಗನ್ನು ಕರಗಿಸುವ ಗೋಜಿಗೂ ಹೋಗಲಿಲ್ಲ. 1583ರಿಂದ ಐದು ವರ್ಷ ಗೋವಾದಲ್ಲಿದ್ದ ಡಚ್ಚರ ಲಿನ್ಸ್‌ಖೋಟನ್ 1596ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಇಲ್ಲಿನ ಚಿತ್ರಿಕೆಗಾರರ ಕೆಲಸವನ್ನು ಬೆರಗಿನಿಂದ ವರ್ಣಿಸಿದ್ದಾನೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ತಿಕ್ಕಾಟದ ಬಿಸಿಗೇ ಅದು ಕರಗಿ ಮರದ ಸಂದುಗೊಂದಿಗೆ ಇಳಿಯುತ್ತದೆ, ಅನಂತರ ಒಣ ಹುಲ್ಲಿನಂಥ ಎಲೆಯಿಂದ ತಿಕ್ಕಿ ಗಾಜಿನಂತೆ ಹೊಳೆಯಿಸುತ್ತಾರೆ ಎಂಬುದು ಅವನು ಹೇಳುವ ಸಾರಾಂಶ. ಬೆಂಗಳೂರು ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದಲ್ಲಿ ಇಳಿದು ನೋಡಿದವರಿಗೆ ಇದು ನಾನೂರು ವರ್ಷದ ಹಿಂದಿನ ವರದಿ ಎಂದು ನಂಬುವುದೇ ಕಷ್ಟ. ಹಾಲೆ ಮರ, ಅರಗು, ಕೊನೆಯಲ್ಲಿ ಒಣ ಗರಿಯ ತಿಕ್ಕು. ಅಲ್ಲೂ ಅದೇ ಕ್ರಮ. ಚಿತ್ರಿಕೆಯಲ್ಲಿ ಕಡೆದ ಗುಂಡನೆಯ ಹಿಡಿಗೆ ಇದಕ್ಕಿಂತ ಚುರುಕಾದ ಲೇಪನ ವಿಧಾನ ಇನ್ನೊಂದಿಲ್ಲ.

ಅರಗು ಹೊಳಪಷ್ಟೇ ಅಲ್ಲ, ಅಂಟೂ ಹೌದು. ನಮ್ಮ ಖಡ್ಗಗಳ ಅಲಗಿನ ಬಾಲವನ್ನು ಹಿಡಿಯೊಳಗೆ ಕೂರಿಸುತ್ತಿದ್ದುದು ಅರಗಿನಿಂದ. ರಂಧ್ರಕ್ಕೆ ಅರಗಿನ ಪುಡಿ ತುಂಬಿ, ಕಾದ ಬಾಲವನ್ನು ಒತ್ತಿ ಇಳಿಸಿದರೆ ಆರುವ ಹೊತ್ತಿಗೆ ಕಲ್ಲಿನಂತೆ ಬಿಗಿ. ಹಿಡಿ ಬದಲಿಸಬೇಕೆಂದರೆ ಮತ್ತೆ ಕಾಯಿಸಿದರಾಯಿತು. ಊರ ಕಮ್ಮಾರರು ಅರಗನ್ನೂ ಬಿಟ್ಟು, ಕೆಂಪಗೆ ಕಾಯಿಸಿದ ಬಾಲವನ್ನು ನೇರವಾಗಿ ಮರಕ್ಕೆ ಇಳಿಸುವುದೂ ಉಂಟು. ಸುಟ್ಟು ಮಾಡಿಕೊಂಡ ಜಾಗದಲ್ಲಿ ಅದು ತನ್ನ ಅಳತೆಗೆ ತಾನೇ ಕೂರುತ್ತದೆ.

ಈಗ ಇದೇ ಅರಗು, ಇದೇ ಮರಗಳು ಹಡಗು ಹತ್ತಿ ಹೋದ ಊರೊಂದರ ಕಥೆಗೆ ಬರೋಣ. ಇಂಗ್ಲೆಂಡಿನ ಶೆಫೀಲ್ಡ್ ಚಾಕುವಿಗೆ ಹೆಸರಾದದ್ದು ಇಂದು ನಿನ್ನೆಯಲ್ಲ. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ತನ್ನ ಕಥೆಯೊಂದರ ಪಾತ್ರಕ್ಕೆ ಶೆಫೀಲ್ಡಿನ ಚಾಕು ಕೊಟ್ಟಿದ್ದಾನೆ. 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಅಲ್ಲಿನ ಚಾಕು ತಯಾರಕರ ಸಂಘ ಸ್ಥಾಪನೆಯಾಯಿತು. ಅಲ್ಲಿ ಒಂದು ಚಾಕು ಮೂರು ಕಸುಬುಗಳನ್ನು ದಾಟಿ ಬರುತ್ತಿತ್ತು. ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಹಿಡಿ ಕೂರಿಸಿ ಮುಗಿಸುವವನು ಮತ್ತೊಬ್ಬ. ಕಟ್ಲರ್ ಎಂಬ ಹೆಸರು ವಾಸ್ತವವಾಗಿ ಸಲ್ಲುತ್ತಿದ್ದುದು ಈ ಮೂರನೆಯವನಿಗೆ. ಹಿಡಿಯ ಕೆಲಸದವನೇ ಒಟ್ಟು ಕಸುಬಿನ ಹೆಸರಿಗೆ ಒಡೆಯ!

ದೊಡ್ಡ ಕಾರ್ಖಾನೆಗಳಿದ್ದರೂ ಶೆಫೀಲ್ಡಿನ ಜೀವಾಳವೆಂದರೆ ‘ಲಿಟಲ್ ಮೆಸ್ಟರ್ಸ್’ ಎಂದು ಕರೆಸಿಕೊಂಡ ಪುಟ್ಟ ಯಜಮಾನರು. ಒಂದು ಕೋಣೆ ಅಥವಾ ಕೋಣೆಯ ಒಂದು ಮೂಲೆ ಬಾಡಿಗೆಗೆ ಹಿಡಿದು, ತಮ್ಮದೇ ಹತಾರ ಇಟ್ಟುಕೊಂಡು, ಡಜನ್ ಲೆಕ್ಕದ ಕೂಲಿಗೆ ದುಡಿಯುವವರು. ಕಟ್ಲರನ ಬೈರಿಗೆಯನ್ನು ತಿರುಗಿಸುತ್ತಿದ್ದುದು ನಮ್ಮ ಬಡಗಿಯ ಬಿಲ್ಲುಬೈರಿಗೆಯಂತೆ ದಾರದ ಬಿಲ್ಲಿನಿಂದ. ಒತ್ತು ಕೊಡಲು ಎದೆಗೆ ಕಬ್ಬಿಣದ ತಟ್ಟೆ ಕಟ್ಟಿಕೊಂಡು ಮೈಭಾರ ಹಾಕುತ್ತಿದ್ದ. ಉಕ್ಕಿನ ಎರಡೂ ಬದಿಗೆ ಮರದ ಹಲಗೆ ಹಚ್ಚಿ, ಮೊಳೆ ಬಡಿದು, ಅರದಿಂದ ತಿದ್ದುವಾಗ ಅವನ ಪರೀಕ್ಷೆ. ಮರ ಮೆತ್ತಗೆ, ಉಕ್ಕು ಗಡುಸು. ಒಂದೇ ಸಮ ಉಜ್ಜಿದರೆ ಮರ ಹೆಚ್ಚು ಸವೆದು ತಗ್ಗಾಗುತ್ತದೆ, ಲೋಹ ಮೇಲೆದ್ದು ಬೆರಳಿಗೆ ಚುಚ್ಚುತ್ತದೆ. ಮರ ಮುಗಿದು ಉಕ್ಕು ಶುರುವಾಗುವ ಗೆರೆಯ ಮೇಲೆ ಉಗುರು ಎಳೆದರೆ ತಡೆಯಬಾರದು. ಕಣ್ಣಿಗೆ ಕಾಣದ ಈ ಮಟ್ಟವನ್ನು ಅಳೆಯಲು ಯಾವ ಉಪಕರಣವೂ ಇರಲಿಲ್ಲ, ಉಗುರೇ ಸಾಕಾಗಿತ್ತು.

ಅವರ ಹಿಡಿಗಳ ಸಾಮಗ್ರಿ ಎಲ್ಲಿಂದ ಬಂತೆಂದು ನೋಡಿದರೆ ಸಾಮ್ರಾಜ್ಯದ ನಕ್ಷೆಯೇ ತೆರೆದುಕೊಳ್ಳುತ್ತದೆ. ಮಧ್ಯ ಅಮೆರಿಕದ ಕೊಕೊಬೊಲೊ, ಆಫ್ರಿಕಾದ ದಂತ, ಭಾರತದ ಬೀಟೆ, ಭಾರತದ ಕಡವೆ ವರ್ಷಕ್ಕೊಮ್ಮೆ ಉದುರಿಸುವ ಕೊಂಬು. ಹೊಳಪಿಗೆ ಮತ್ತೆ ಭಾರತದ ಅರಗು. ಜೋಸೆಫ್ ರಾಜರ್ಸ್ ಎಂಬ ಕಂಪನಿ 1822ರಲ್ಲಿ ವರ್ಷದ ಸಂಖ್ಯೆಯಷ್ಟೇ ಅಲಗುಗಳಿದ್ದ ಚಾಕು ಮಾಡಿ ಮೆರೆಯಿತು. 1851ರ ಲಂಡನ್ ಮಹಾಪ್ರದರ್ಶನಕ್ಕೆ 75 ಅಲಗುಗಳ ಇನ್ನೊಂದನ್ನು ಮುತ್ತಿನ ಚಿಪ್ಪಿನ ಹಿಡಿಯೊಂದಿಗೆ ಇಟ್ಟಿತು. ಎರಡೂ ನೋಡುವ ಚಾಕುಗಳು, ಹಿಡಿಯುವ ಚಾಕುಗಳಲ್ಲ. ಊಟದ ಮೇಜಿನ ಚಾಕುಗಳದ್ದೂ ಇದೇ ಪಾಡು. ಬಾಲವನ್ನು ರಾಳ ಮತ್ತು ಇಟ್ಟಿಗೆಪುಡಿಯ ಪಾಕದಲ್ಲಿ ಕೂರಿಸಿದ ಆ ಹಿಡಿಗಳನ್ನು ಬಿಸಿನೀರಿಗೆ ಅದ್ದಿದರೆ ಪಾಕ ಕರಗಿ ಹಿಡಿ ಕಳಚುತ್ತಿತ್ತು. ಆದ್ದರಿಂದ ವಿಕ್ಟೋರಿಯಾ ಕಾಲದ ಮನೆಗಳಲ್ಲಿ ಅಲಗು ಮಾತ್ರ ಮುಳುಗುವಂತೆ ಚಾಕುಗಳನ್ನು ಹೂಜಿಯಲ್ಲಿ ನಿಲ್ಲಿಸಿ ತೊಳೆಯಬೇಕಾಗುತ್ತಿತ್ತು. ಯಜಮಾನನ ಮೇಜಿನ ಮೇಲಿನ ಹೊಳಪಿಗೆ ಹಿತ್ತಲಿನಲ್ಲಿ ಕೆಲಸದವಳ ಎಚ್ಚರಿಕೆಯೇ ಕಾವಲು.

ಇಲ್ಲಿಯೇ, ನನ್ನ ಎಣಿಕೆಯಲ್ಲಿ, ಹಿಡಿಯ ಇತಿಹಾಸ ಒಂದು ತಿರುವು ಪಡೆಯುತ್ತದೆ. ಊರ ಕಮ್ಮಾರನ ಕತ್ತಿಗೆ ಕೊನೆಯ ನಯ ಕೊಡುತ್ತಿದ್ದವನು ಅದನ್ನು ಬಳಸುವವನೇ. ಅವನ ಅಂಗೈಯ ಬೆವರು, ಎಣ್ಣೆ, ವರ್ಷಗಟ್ಟಲೆಯ ತಿಕ್ಕಾಟ ಸೇರಿ ಹಿಡಿ ಅವನ ಕೈಯ ಅಚ್ಚಾಗುತ್ತಿತ್ತು. ಅಡಕೆ ತೋಟದ ಹಳೆಯ ಕತ್ತಿಯನ್ನು ಬೇರೆಯವರು ಹಿಡಿದರೆ ಎಲ್ಲೋ ಏನೋ ಸರಿಯಿಲ್ಲ ಅನ್ನಿಸುವುದು ಇದಕ್ಕೇ. ಅಂಗಡಿಯ ಗಾಜಿನ ಪೆಟ್ಟಿಗೆಗೆ ಬಂದ ಚಾಕುವಾದರೋ ಕೈಗೆ ಸಿಗುವ ಮುನ್ನ ಕಣ್ಣನ್ನು ಗೆಲ್ಲಬೇಕು. ಕಣ್ಣಿಗೆ ಬೇಕಾದದ್ದು ಹೊಳಪು. ಅದಕ್ಕೆ ಮೆರುಗೆಣ್ಣೆಯ ದಪ್ಪ ಪೊರೆ ಬಂತು. ಅದ್ದಿ ತೆಗೆದರೆ ಮುಗಿಯಿತು, ಎಳೆ ಎಬ್ಬಿಸುವ ಕೆಲಸವಿಲ್ಲ, ವಾರಗಟ್ಟಲೆ ಎಣ್ಣೆ ಕುಡಿಸುವ ಕೆಲಸವಿಲ್ಲ. ಆದರೆ ಗಾಜಿನಂಥ ಪೊರೆಯ ಮೇಲೆ ಬೆವರು ಇಂಗುವುದಿಲ್ಲ. ಕೈ ಜಾರುತ್ತದೆ, ಜಾರಬಾರದೆಂದು ಬಿಗಿಯಾಗಿ ಹಿಡಿಯುತ್ತೇವೆ, ಬಿಗಿ ಹಿಡಿದ ಕಡೆ ಬೊಕ್ಕೆ ಏಳುತ್ತದೆ. ಒಂದು ಕಡೆ ಪೊರೆ ಬಿರುಕುಬಿಟ್ಟರಂತೂ ಅಲ್ಲಿ ಒಳಹೊಕ್ಕ ನೀರು ಹೊರಬರಲಾರದೆ ಮರವನ್ನು ಕೊಳೆಸುತ್ತದೆ.

ಜಪಾನಿನ ಅಡುಗೆಯವರು ಈ ಬಲೆಗೆ ಬೀಳಲಿಲ್ಲ. ಅವರ ಸಾಂಪ್ರದಾಯಿಕ ಚಾಕುವಿನ ಹಿಡಿ ಹೋ ಎಂಬ ಹಗುರವಾದ ಮರದ್ದು, ಅದು ಸಂಪಿಗೆಯ ಹತ್ತಿರದ ಬಂಧು. ಅಲಗಿನ ಕಡೆಯ ತುದಿಗೆ ಎಮ್ಮೆ ಕೊಂಬಿನ ಬಳೆ. ಮರಕ್ಕೆ ಮಾತ್ರ ಯಾವ ಲೇಪವೂ ಇಲ್ಲ, ನುಣ್ಣಗೆ ಉಜ್ಜಿ ಬೋಳಾಗಿಯೇ ಬಿಡುತ್ತಾರೆ. ಮೀನು ಕೊಯ್ಯುವವನ ಕೈ ಸದಾ ಒದ್ದೆ. ಬೋಳು ಮರ ಆ ಒದ್ದೆಯನ್ನು ತುಸು ಹೀರಿಕೊಂಡು ಹಿಡಿತ ಕೊಡುತ್ತದೆ. ಹಿಡಿ ಸವೆದರೆ ಅಲಗನ್ನು ಬಿಚ್ಚಿ ಹೊಸದಕ್ಕೆ ಕೂರಿಸುವುದು, ಅಷ್ಟೆ. ನಮ್ಮ ಕೊಡಗಿನಲ್ಲಿ ಕಣ್ಣು ಮತ್ತು ಕೈಗಳ ಈ ಪಾಲು ಇನ್ನೊಂದು ರೀತಿಯಲ್ಲಿ ಇತ್ಯರ್ಥವಾಗಿದೆ. ಮದುವೆಯ ದಿನ ಸೊಂಟದ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿಗೆ ಬೆಳ್ಳಿಯ ಕುಸುರಿ, ಹಿಂದಿನ ಕಾಲದಲ್ಲಾದರೆ ದಂತವೂ. ಬೆನ್ನ ಹಿಂದೆ ತೊಡಂಗಿಗೆ ತೂಗುವ ಒಡಿಕತ್ತಿಯ ಹಿಡಿಯಲ್ಲಿ ಕೈ ಜಾರದಂತೆ ತುದಿ ಅಗಲವಾಗಿ ಹರಡಿಕೊಂಡಿರುತ್ತದೆ. ಒಂದು ಮಂಟಪಕ್ಕೆ, ಇನ್ನೊಂದು ಕಾಡಿಗೆ.

ಮರದ ಹಿಡಿಗೆ ಕೊನೆಯ ಪೆಟ್ಟು ಬಿದ್ದದ್ದು ಇಪ್ಪತ್ತನೆಯ ಶತಮಾನದಲ್ಲಿ. 1913ರಲ್ಲಿ ಶೆಫೀಲ್ಡಿನಲ್ಲಿಯೇ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ರೂಪಿಸಿದ. ಅಲಗು ನೀರಿಗೆ ಹೆದರುವುದನ್ನು ಬಿಟ್ಟ ಮೇಲೆ ಹಿಡಿಯೂ ಹೆದರಬಾರದೆಂದು ಜನ ಬಯಸಿದರು. ಪಾತ್ರೆ ತೊಳೆಯುವ ಯಂತ್ರಗಳು ಬಂದವು. ಅವುಗಳ ಕುದಿನೀರು, ಕಾರದ ಪುಡಿಯ ಮುಂದೆ ಯಾವ ಮರವೂ ಎಣ್ಣೆಯೂ ನಿಲ್ಲುವುದಿಲ್ಲ. ಮರ ಕೊಳಕು, ಪ್ಲಾಸ್ಟಿಕ್ ಶುದ್ಧ ಎಂಬ ನಂಬಿಕೆಯೂ ಸೇರಿಕೊಂಡಿತು. ಈ ನಂಬಿಕೆ ಎಷ್ಟು ಗಟ್ಟಿ? 1990ರ ದಶಕದ ಮೊದಲಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೀನ್ ಕ್ಲಿವರ್ ಮತ್ತು ಸಂಗಡಿಗರು ತರಕಾರಿ ಹೆಚ್ಚುವ ಮಣೆಗಳ ಮೇಲೆ ರೋಗಾಣು ಹಚ್ಚಿ ನೋಡಿದರು. ಮರ ಅವನ್ನು ಒಳಗೆ ಹೀರಿಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಮೇಲ್ಮೈಯಲ್ಲಿ ಹುಡುಕಿದರೆ ಅವು ಸಿಗುವುದೇ ಕಷ್ಟವಾಯಿತು. ಚಾಕುವಿನ ಗೀರುಬಿದ್ದ ಪ್ಲಾಸ್ಟಿಕ್ಕಿನಲ್ಲಿ ಅವು ಬದುಕಿಯೇ ಇದ್ದವು. ಇದು ಮಣೆಯ ಮಾತು, ಹಿಡಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಮರದ ಮೇಲಿನ ಆರೋಪವನ್ನು ವಿಚಾರಣೆಯಿಲ್ಲದೆ ಒಪ್ಪಬೇಕಾಗಿಲ್ಲ ಎಂಬಷ್ಟು ಇದರಿಂದ ತಿಳಿಯುತ್ತದೆ.

ಹಾಗೆಂದು ಕೈಕಸುಬಿನ ಹಳೆಯ ದಿನಗಳನ್ನು ಹಾಡಿ ಹೊಗಳಲು ಮನಸ್ಸು ಒಪ್ಪುವುದಿಲ್ಲ. ಶೆಫೀಲ್ಡಿನ ಸಾಣೆಯವರ ಶ್ವಾಸಕೋಶ ಕಲ್ಲುಧೂಳಿನಿಂದ ಹಾಳಾಗುವುದನ್ನು ಅಲ್ಲಿನ ವೈದ್ಯ ಆರ್ನಾಲ್ಡ್ ನೈಟ್ 1830ರಲ್ಲಿಯೇ ಬರೆದಿಟ್ಟ. ಹಿಡಿ ಉಜ್ಜುವವರ ಕಷ್ಟ ಲೋಕದ ಕಣ್ಣಿಗೆ ಬೀಳಲು ಇನ್ನೂ ತಡವಾಯಿತು. ಮರದ ಧೂಳು ನಿರಪಾಯವೆಂದೇ ಎಲ್ಲರೂ ನಂಬಿದ್ದರು. 1960ರ ದಶಕದಲ್ಲಿ ಇಂಗ್ಲೆಂಡಿನ ಹೈ ವಿಕೂಮ್ ಸುತ್ತಮುತ್ತಲಿನ ಮರಗೆಲಸದವರಲ್ಲಿ ಮೂಗಿನ ಅಪರೂಪದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ವೈದ್ಯರು ಗುರುತಿಸಿದರು. 1995ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಬೀಟೆಯ ಧೂಳಂತೂ ಅನೇಕರ ಚರ್ಮಕ್ಕೂ ಆಗಿಬರುವುದಿಲ್ಲ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಮೂಗಿಗೆ ಬಟ್ಟೆಯನ್ನೂ ಕಟ್ಟದೆ ಹಿಡಿ ಉಜ್ಜುವವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಆ ಹೊಳಪಿನ ಬೆಲೆಯಲ್ಲಿ ಅವರ ಉಸಿರಿನ ಪಾಲು ಎಂದೂ ಸೇರಿಲ್ಲ.

ಮರದ ಪಾಲೂ ಈಗ ಲೆಕ್ಕಕ್ಕೆ ಬಂದಿದೆ. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳ ಅಂತಾರಾಷ್ಟ್ರೀಯ ವ್ಯಾಪಾರ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು. ಭಾರತದ ಕಡವೆ ಕೊಂಬಿನ ರಫ್ತು ಅದಕ್ಕೂ ಮುನ್ನ, 1990ರ ದಶಕದಲ್ಲಿಯೇ ನಿಂತಿತ್ತು. ಶೆಫೀಲ್ಡಿನ ಹಳೆಯ ಕಟ್ಲರುಗಳು ಕೂಡಿಟ್ಟುಕೊಂಡ ಕೊಂಬು, ಮರದ ತುಂಡುಗಳನ್ನು ಚಿನ್ನದಂತೆ ಜೋಪಾನ ಮಾಡತೊಡಗಿದರು. ಅವರಲ್ಲಿ ಪ್ರಸಿದ್ಧನಾದ ಸ್ಟಾನ್ ಶಾ ಹುಟ್ಟಿದ್ದು 1926ರಲ್ಲಿ. ಹದಿಹರೆಯದಲ್ಲಿ ಕೆಲಸಕ್ಕೆ ಸೇರಿ, ಏಳು ದಶಕಕ್ಕೂ ಹೆಚ್ಚು ಕಾಲ ಜೇಬುಚಾಕುಗಳನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಮಾಡುತ್ತಿದ್ದ. ಬದುಕಿನ ಕೊನೆಯ ವರ್ಷಗಳಲ್ಲಿ ಅವನ ಮೇಜು ಇದ್ದದ್ದು ಕೆಲ್ಹಮ್ ಐಲ್ಯಾಂಡ್ ವಸ್ತುಸಂಗ್ರಹಾಲಯದ ಒಳಗೆ. 2021ರಲ್ಲಿ ತೀರಿಕೊಂಡ. ಒಂದು ಕಸುಬು ಬದುಕಿರುವಾಗಲೇ ವಸ್ತುಸಂಗ್ರಹಾಲಯಕ್ಕೆ ಹೋದರೆ ಅದನ್ನು ಗೌರವ ಎನ್ನಬೇಕೋ ಬೇರೇನಾದರೂ ಎನ್ನಬೇಕೋ ತಿಳಿಯದು.

ವಸ್ತುಸಂಗ್ರಹಾಲಯಕ್ಕೆ ಹೋಗದೆ ಈ ಕೆಲಸದ ಕೊನೆಯ ಭಾಗವನ್ನಾದರೂ ಮನೆಯಲ್ಲೇ ಮಾಡಬಹುದು. ಅಂಗಡಿಯಿಂದ ತಂದ ಮರದ ಹಿಡಿಯ ಮೆರುಗೆಣ್ಣೆಯನ್ನು ಗಾಜಿನ ಚೂರಿನ ಅಂಚಿನಿಂದ ಹೆರೆದು ತೆಗೆಯಿರಿ. ಅಲಗಿಗೆ ಮಾತ್ರ ಮೊದಲು ದಪ್ಪ ಬಟ್ಟೆ ಸುತ್ತಿರಬೇಕು, ಮೂಗಿಗೂ ಒಂದು ಬಟ್ಟೆ ಇರಲಿ. ಮರಳುಕಾಗದದಿಂದ ಉಜ್ಜಿ, ಒದ್ದೆ ಮಾಡಿ, ಒಣಗಿಸಿ, ಮತ್ತೆ ಉಜ್ಜಿ. ಮರ ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ ತಿಕ್ಕಿ, ಕಾಲು ಗಂಟೆ ಬಿಟ್ಟು ಮೇಲುಳಿದದ್ದನ್ನು ಒಂದು ಹನಿಯೂ ಉಳಿಯದಂತೆ ಒರೆಸಿಬಿಡಿ. ಮರುದಿನ ಮತ್ತೆ ಹಾಗೆಯೇ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಗಟ್ಟಿಯಾಗುವಾಗ ಅಗಸೆ ಎಣ್ಣೆ ಶಾಖ ಬಿಡುತ್ತದೆ, ಮುದ್ದೆಯೊಳಗೆ ಆ ಶಾಖ ಸೇರಿ ಬಟ್ಟೆ ತಾನಾಗಿಯೇ ಹೊತ್ತಿಕೊಂಡು ಮರಗೆಲಸದ 'ಶೆಡ್ಡು'ಗಳೇ ಸುಟ್ಟುಹೋದದ್ದಿದೆ. ಬಿಡಿಸಿ, ಗಾಳಿಯಾಡುವ ಕಡೆ ಬೇಲಿಯ ಮೇಲೆ ಹರವಿ ಒಣಗಿಸಿ.